ಹಿಡಿದುಕೊಳ್ಳಲು ಏನಾದರೂ ಕೊಡು

"ನನ್ನನ್ನು ಎತ್ತಬೇಡಮ್ಮ. ಹಿಡಿದುಕೊಳ್ಳಲು ಏನಾದರೂ ಕೊಡು."

ಮಂಗಳವಾರ ಮಧ್ಯಾಹ್ನ ಮಾವ ಹೀಗೆಂದಾಗ ನನ್ನ ಎರಡೂ ಕೈಗಳು ಅವರ ಕಂಕುಳಲ್ಲಿದ್ದವು. ಬೆಳಿಗ್ಗೆಯಿಂದ ಅದು ನಾಲ್ಕನೆಯ ಸಲ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನಾನು ಇಷ್ಟು ಕಲಕಿಹೋಗುತ್ತಿರಲಿಲ್ಲ. ಅಂಗಡಿಯ ಮುಂದೆ ನಿಂತು ಕಾಲು ಕಿಲೋ ಬೆಲ್ಲ ಕೇಳುವವರ ಹಾಗೆ, ತಮಗೆ ಬೇಕಾದದ್ದು ಏನೆಂದು ಚೆನ್ನಾಗಿ ಗೊತ್ತಿರುವವರ ಹಾಗೆ ಕೇಳಿದರು. ನಾನು ಕೈ ತೆಗೆದೆ.

ಪಕ್ಕದಲ್ಲೇ ವಾಕರ್ ಇತ್ತು. ಅದು ಎದ್ದು ನಿಂತ ಮೇಲೆ ಉಪಯೋಗಕ್ಕೆ ಬರುವ ವಸ್ತು; ಕುಳಿತಲ್ಲಿಂದ ಅದನ್ನು ಹಿಡಿದೆಳೆದರೆ ಮಗುಚಿಕೊಳ್ಳುತ್ತದೆ. ಕುರ್ಚಿಯ ಕೈಗಳನ್ನು ಒತ್ತಿ ಏಳಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬಚ್ಚಲಲ್ಲಿ ಬಿದ್ದ ದಿನ ಸೊಂಟದ ಕೀಲಿನ ಜೊತೆ ಅವರ ಎಡ ಮಣಿಕಟ್ಟಿಗೂ ಪೆಟ್ಟಾಗಿತ್ತು. ಅಂಗೈ ಊರಿ ಭಾರ ಬಿಟ್ಟರೆ ಈಗಲೂ ನೋವು. ಹಿಡಿದು ಎಳೆಯಲು ಮಾತ್ರ ತೊಂದರೆಯಿಲ್ಲ. ಮೂರು ತಿಂಗಳಿಂದ ಅವರನ್ನು ದಿನಕ್ಕೆ ಹತ್ತು ಸಲ ಎಬ್ಬಿಸುತ್ತಿರುವ ನನಗೆ ಒತ್ತುವುದಕ್ಕೂ ಎಳೆಯುವುದಕ್ಕೂ ಇರುವ ಈ ಸಣ್ಣ ವ್ಯತ್ಯಾಸ ಹೊಳೆದೇ ಇರಲಿಲ್ಲ.

ಮಾವ ನೋಡುತ್ತಿದ್ದುದು ನಡುಮನೆಯ ತೊಲೆಯ ಕಡೆಗೆ. ಉಯ್ಯಾಲೆಗೆಂದು ಹಿಂದಿನವರು ಹಾಕಿಸಿದ ಕಬ್ಬಿಣದ ಬಳೆ ಅಲ್ಲಿದೆ. ಉಯ್ಯಾಲೆ ಅಟ್ಟ ಸೇರಿ ವರ್ಷಗಳಾದವು. ಈಗ ಅಲ್ಲಿ ನನ್ನ ವ್ಯಾಯಾಮದ ಕಪ್ಪು ಪಟ್ಟಿಗಳು ತೂಗುತ್ತಿವೆ.

"ಅದು ನಿನ್ನ ಭಾರ ತಡೆಯುತ್ತದಲ್ಲ?" ಎಂದರು.

ನನ್ನದು ಅರವತ್ತೆಂಟು ಕಿಲೋ. ಅವರದು ಈಗ ಐವತ್ತೊಂದು.

ಎರಡು ವರ್ಷದ ಹಿಂದೆ ನನ್ನ ಬಲ ಭುಜ ಹಿಡಿದುಕೊಂಡು, ತಂತಿಯ ಮೇಲೆ ಬಟ್ಟೆ ಹರವಲೂ ಆಗದಂತಾಗಿದ್ದಾಗ ಬೆಂಗಳೂರಿನಲ್ಲಿರುವ ಮಗ ಇದನ್ನು ಕಳಿಸಿದ್ದ. ಎರಡು ಪಟ್ಟಿ, ತುದಿಗೆ ಎರಡು ಹಿಡಿ, ಹಿಡಿಯ ಕೆಳಗೆ ಪಾದ ಸಿಕ್ಕಿಸಲು ಕುಣಿಕೆ, ಉದ್ದ ಹೆಚ್ಚುಕಡಿಮೆ ಮಾಡಲು ಬಕಲ್. ಅಷ್ಟೇ. ಬಾಗಿಲ ಸಂದಿಗೆ ಸಿಕ್ಕಿಸುವ ಮೆತ್ತೆಯೊಂದೂ ಬಂದಿತ್ತು. ನಾವು ಎಳೆದಾಗ ಬಾಗಿಲು ತೆರೆದುಕೊಳ್ಳುವ ಬದಲು ಚೌಕಟ್ಟಿಗೆ ಒತ್ತಿ ಕೂರುವಂಥ ಬದಿಯಲ್ಲಿ ನಿಲ್ಲಬೇಕಂತೆ. ಎರಡು ರೆಕ್ಕೆಯ ನಮ್ಮ ಹಳೆಯ ಬಾಗಿಲಿಗೆ ಅದು ಹೊಂದಲಿಲ್ಲ. ತೊಲೆಯ ಬಳೆ ಹೊಂದಿತು.

ಇದರ ಮೂಲವನ್ನು ಮಗನೇ ಹೇಳಿದ್ದು. 1997ರಲ್ಲಿ ಅಮೆರಿಕದ ನೌಕಾಸೇನೆಯ ವಿಶೇಷ ದಳವಾದ ನೇವಿ ಸೀಲ್ ಪಡೆಯ ರ‍್ಯಾಂಡಿ ಹೆಟ್ರಿಕ್ ಎಂಬ ಅಧಿಕಾರಿ, ವ್ಯಾಯಾಮಶಾಲೆಯೇ ಇಲ್ಲದ ಠಾಣ್ಯದಲ್ಲಿ, ಜುಜಿತ್ಸು ಪಂದ್ಯದ ನಡುಪಟ್ಟಿಗೆ ಪ್ಯಾರಾಚೂಟ್‌ನ ಪಟ್ಟಿ ಸೇರಿಸಿ ಮಾಡಿಕೊಂಡ ಸಾಧನವಂತೆ ಇದು. ಮುಂದೆ ಅದೇ ಟಿಆರ್‌ಎಕ್ಸ್ ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿತು.

ಇದರಲ್ಲಿ ನನಗೆ ಹಿಡಿಸಿದ್ದು ಒಂದೇ. ಎತ್ತಬೇಕಾದ ಭಾರ ನಾವೇ, ಮತ್ತು ಅದರಲ್ಲಿ ಎಷ್ಟು ಪಾಲು ಎತ್ತಬೇಕೆಂದು ಪಾದ ತೀರ್ಮಾನಿಸುತ್ತದೆ. ಹಿಡಿಗಳನ್ನು ಹಿಡಿದು ಹಿಂದಕ್ಕೆ ವಾಲಿ, ಎದೆಯನ್ನು ಕೈಗಳ ಹತ್ತಿರಕ್ಕೆ ಎಳೆದುಕೊಳ್ಳುವ ವ್ಯಾಯಾಮವನ್ನೇ ನೋಡಿ. ನೆಟ್ಟಗೆ ನಿಂತಷ್ಟೂ ಹಗುರ. ಪಾದ ಒಂದು ಹೆಜ್ಜೆ ಮುಂದೆ ಹೋದರೆ ಮೈ ಇಳಿಜಾರಾಗಿ, ಬೆನ್ನಿಗೂ ತೋಳಿಗೂ ಬೀಳುವ ಭಾರ ಒಮ್ಮೆಲೇ ಏರುತ್ತದೆ. ಐದು ಕಿಲೋ ಡಂಬೆಲ್ ನನ್ನ ಭುಜ ನೋಯುವ ದಿನವೂ ಐದೇ ಕಿಲೋ. ಪಟ್ಟಿ ಹಾಗಲ್ಲ. ನೋವಿದ್ದ ದಿನ ಅರ್ಧ ಹೆಜ್ಜೆ ಹಿಂದೆ ಸರಿದರಾಯಿತು, ಬಿಡಬೇಕಾಗಿಲ್ಲ. ಬಿಗಿದ ಮೈ ಸಡಿಲಿಸುವುದಕ್ಕೂ ಅಷ್ಟೇ. ಹಿಡಿ ಹಿಡಿದು ಸೊಂಟವನ್ನು ಹಿಂದಕ್ಕೆ ಬಿಟ್ಟರೆ ಕಂಕುಳಿಂದ ಪಕ್ಕೆಯವರೆಗೆ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತದೆ; ಎಷ್ಟು ಬಿಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ನನ್ನ ಕೈಯಲ್ಲೇ ಇರುತ್ತದೆ. ಬೇರೆಯವರು ತೋಳು ಹಿಡಿದು ಎಳೆದಾಗ ಭುಜ ಹೆದರಿ ಇನ್ನಷ್ಟು ಬಿಗಿಯುತ್ತಿತ್ತು. ನಾನೇ ಎಳೆದುಕೊಂಡಾಗ ಬಿಟ್ಟುಕೊಟ್ಟಿತು.

ಇದನ್ನೆಲ್ಲ ನನ್ನ ಮೈಯಲ್ಲಿ ಕಲಿತಿದ್ದೆ. ಮೂರು ಮಾರು ಆಚೆ ಕುಳಿತಿದ್ದ ಮಾವನ ಮೈಯ ವಿಷಯದಲ್ಲಿ ಒಮ್ಮೆಯೂ ನೆನಪಾಗಲಿಲ್ಲ.

ಕುರ್ಚಿಯನ್ನು ಬಳೆಯ ಹತ್ತಿರ ತಂದು ಗೋಡೆಗೆ ಒರಗಿಸಿದೆ. ಶಸ್ತ್ರಚಿಕಿತ್ಸೆಯ ನಂತರ ಸೊಂಟ ಹೆಚ್ಚು ಬಾಗಬಾರದೆಂದು ಕುರ್ಚಿಯ ಕಾಲುಗಳ ಅಡಿಗೆ ಮೊದಲೇ ಮರದ ತುಂಡು ಕೊಟ್ಟು ಎತ್ತರಿಸಿದ್ದೆವು. ಪಟ್ಟಿಯ ಎರಡು ಹಿಡಿಗಳನ್ನು ಒಂದರೊಳಗೊಂದು ತೂರಿಸಿ ಬಿಗಿದೆ. ಮೇಲೆ ಎರಡೂ ಒಂದೇ ಕುಣಿಕೆಯಲ್ಲಿ ಹಾಯುವುದರಿಂದ, ಒಂದು ಕೈಯ ಎಳೆತ ಕಡಿಮೆಯಾದರೆ ಪಟ್ಟಿ ಇನ್ನೊಂದು ಕೈಯ ಕಡೆ ಜಾರುತ್ತದೆ. ಅವರ ಎಡಗೈಯನ್ನು ನಂಬುವಂತಿರಲಿಲ್ಲ. ಆಮೇಲೆ ಅವರ ಸೊಂಟದ ಪಕ್ಕ ಕೈಯೊಡ್ಡಿ, ಮುಟ್ಟದೆ ನಿಂತೆ. ಮುಟ್ಟದೆ ನಿಲ್ಲುವುದು ಎಷ್ಟು ಕಷ್ಟ!

ಮೊದಲ ಸಲ ಅರ್ಧಕ್ಕೆ ಬಂದು ಕುಸಿದು ಕುಳಿತರು. ಉಸಿರು ತೆಗೆದುಕೊಂಡರು. ಪಾದಗಳನ್ನು ತಾವೇ ಒಳಕ್ಕೆ ಎಳೆದುಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಸಲ ತೊಡೆ ಗಡಗಡ ನಡುಗಿತು, ಕತ್ತಿನ ನರ ಉಬ್ಬಿತು, ತೊಲೆ ಒಮ್ಮೆ ಕಿರ್ರೆಂದಿತು. ಮಾವ ನಿಂತಿದ್ದರು.

ಆಗ ಅವರ ಹಿಡಿತ ನೋಡಿದೆ. ಅದು ರೋಗಿಯ ಹಿಡಿತವಾಗಿರಲಿಲ್ಲ. ಅಡಿಕೆ ಸೀಮೆಯಲ್ಲಿ ಬೆಳೆದವರಿಗೆ ಗೊತ್ತು, ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಮರದ ತುದಿಯಿಂದ ಹಗ್ಗದ ಮೇಲೆ ಆ ಕೊನೆ ಜಾರಿಸುವಾಗ ಕೆಳಗೆ ಒಬ್ಬರು ಆ ಹಗ್ಗದ ತುದಿಯನ್ನು ಬಿಗಿಯಾಗಿ ಹಿಡಿದು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ನಿಂತಿರುತ್ತಾರೆ. ಹಗ್ಗ ಸಡಿಲಾದರೆ ಕೊನೆ ನೆಲಕ್ಕೆ ಬಡಿದು ಅಡಿಕೆಯೆಲ್ಲ ಚೆಲ್ಲಾಪಿಲ್ಲಿ. ಆ ಕೆಲಸವನ್ನು ಮಾವ ಎಪ್ಪತ್ತು ದಾಟುವವರೆಗೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು ಮರವೇರಿ, ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುವ ಕೊನೆಗಾರರಿಗಿಂತ ದೊಡ್ಡ ಕಸರತ್ತುಗಾರರನ್ನು ನಾನು ಯಾವ ವ್ಯಾಯಾಮಶಾಲೆಯಲ್ಲೂ ಕಂಡಿಲ್ಲ. ಅವರು ಇಳಿಸುವ ಭಾರಕ್ಕೆ ಕೆಳಗಿನಿಂದ ಜೊತೆಯಾಗುತ್ತಿದ್ದ ಕೈಗಳಿವು. ಆ ಕೈಗಳಿಗೆ ಮೂರು ತಿಂಗಳಿಂದ ನಾವು ಕೊಟ್ಟಿದ್ದು ಟಿವಿ ರಿಮೋಟ್ ಮತ್ತು ಔಷಧದ ಬಟ್ಟಲು.

ಮಾವನನ್ನು ನೋಡಿಕೊಳ್ಳಲು ಹಗಲು ಒಬ್ಬ ಹುಡುಗ ಬರುತ್ತಾನೆ. ಒಳ್ಳೆಯವನು, ಗಟ್ಟಿಮುಟ್ಟಾದವನು. "ಅಜ್ಜಾ, ಒಂದು, ಎರಡು" ಎನ್ನುತ್ತಾನೆ. ಮೂರು ಎನ್ನುವ ಹೊತ್ತಿಗೆ ಅವರು ವಾಕರ್ ಮುಂದೆ ನಿಂತಾಗಿರುತ್ತದೆ. ಅವನನ್ನು ದೂರುವ ಮನಸ್ಸಿಲ್ಲ, ಅದನ್ನು ಅವನಿಗೆ ಕಲಿಸಿದವಳು ನಾನೇ. ಬೇಗ ಆಗಲಿ, ಅವರಿಗೆ ಆಯಾಸವಾಗದಿರಲಿ ಎಂದುಕೊಂಡಿದ್ದೆ. ಹಾಸಿಗೆ ಹಿಡಿದ ವೃದ್ಧರ ತೊಡೆಯ ಮಾಂಸ ಬಹು ಬೇಗ ಕರಗುತ್ತದೆಂದು ಡಾಕ್ಟರು ಮೊದಲ ವಾರವೇ ಹೇಳಿದ್ದರು. ಅದನ್ನು ಕೇಳಿ ನಾನು ಮೊಟ್ಟೆ, ಹಾಲು ಹೆಚ್ಚಿಸಿದೆ. ಏಳುವ ಕೆಲಸವನ್ನು ಮಾತ್ರ ಅವರ ತೊಡೆಯಿಂದ ಕಿತ್ತುಕೊಂಡೆ.

ಪುಣೆಯಲ್ಲಿರುವ ಭಾವನಿಗೆ ಸಂಜೆ ವಿಷಯ ತಿಳಿಯಿತು. ವಿಡಿಯೋ ಕರೆಯಲ್ಲಿ "ಬಿದ್ದರೆ ಯಾರು ಹೊಣೆ?" ಎಂದರು. ತಂದೆಯ ಮೇಲೆ ಅವರಿಗೆ ಪ್ರೀತಿಯಿಲ್ಲ ಎನ್ನಲಾರೆ, ಔಷಧದ ಖರ್ಚಿನಲ್ಲಿ ಒಂದು ದಿನವೂ ಹಿಂದೆಗೆದವರಲ್ಲ. ಆದರೆ ದೂರದಲ್ಲಿದ್ದು ಪ್ರೀತಿಸುವವರಿಗೆ ಬೀಳುವುದು ಮಾತ್ರ ಕಾಣುತ್ತದೆ, ದಿನಕ್ಕೆ ಹತ್ತು ಸಲ ಮೂಟೆಯಂತೆ ಎತ್ತಿಸಿಕೊಳ್ಳುವುದು ಕಾಣುವುದಿಲ್ಲ. ಗುರುವಾರ ಬಂದ ಫಿಸಿಯೋಥೆರಪಿಸ್ಟ್ ಎಲ್ಲವನ್ನೂ ಪರೀಕ್ಷಿಸಿದರು. ಬಳೆಗೆ ತಾವೇ ಜೋತುಬಿದ್ದು ನೋಡಿದರು. ಪಕ್ಕದಲ್ಲಿ ಯಾರೂ ಇಲ್ಲದಾಗ ಮುಟ್ಟಕೂಡದು ಎಂಬ ಷರತ್ತಿನೊಂದಿಗೆ ಒಪ್ಪಿದರು.

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಈ ವಾರವೆಲ್ಲ ನೆನಪಾಗುತ್ತಿದ್ದಾರೆ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಉಂಡ ಬಡಕಲು ಹುಡುಗ ಅವರು. ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ಮುಂದೆ ಪುಣೆಯಲ್ಲಿ ಗುರುವಾದಾಗ ಗೋಡೆಗೆ ಕೊಂಡಿ ಬಡಿಸಿ ಹಗ್ಗ ಇಳಿಬಿಟ್ಟರು. ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳನ್ನೆಲ್ಲ ಆಸನಕ್ಕೆ ತಂದರು. ಬಾಗದ ಬೆನ್ನಿನವರೂ ಮುದುಕರೂ ಆ ಹಗ್ಗ ಹಿಡಿದು ಆಸನದಲ್ಲಿ ನಿಂತರು. ನಿಲ್ಲಲಾಗದವನ ಕಷ್ಟ ಸ್ವಂತ ಮೈಯಲ್ಲಿ ತಿಳಿದಿದ್ದವರಿಗೇ ಅದು ಹೊಳೆಯಿತೇನೋ. ನನ್ನ ಅಜ್ಜನ ಮನೆಯಲ್ಲೂ ಅಟ್ಟದ ಕಡಿದಾದ ಮೆಟ್ಟಿಲ ಮೇಲೆ ಒಂದು ಹಗ್ಗ ತೂಗುತ್ತಿತ್ತು. ಎಂಬತ್ತರ ಅಜ್ಜಿ ಅದನ್ನು ಹಿಡಿದು ದಿನವೂ ಅಕ್ಕಿ ತರಲು ಹತ್ತುತ್ತಿದ್ದಳು. ಆ ಮನೆ ಹೋಯಿತು. ಗ್ರಾನೈಟಿನ ನೆಲ ಬಂತು. ಹಿಡಿದುಕೊಳ್ಳಲು ಏನೂ ಇಲ್ಲದ ನುಣುಪು ಗೋಡೆಗಳ ನಡುವೆ ವಯಸ್ಸಾದವರನ್ನು ಕೂರಿಸಿ, ಜೋಪಾನ, ಜೋಪಾನ ಎನ್ನುತ್ತಿದ್ದೇವೆ.

ಎತ್ತಬೇಡಮ್ಮ ಎಂಬ ಮಾತನ್ನು ಅವರು ಎಷ್ಟು ದಿನದಿಂದ ಬಾಯೊಳಗೆ ಇಟ್ಟುಕೊಂಡಿದ್ದರೋ! ರಾತ್ರಿ ಮಲಗಿದಾಗ ಮತ್ತೆ ಮತ್ತೆ ಕೇಳಿಸುತ್ತದೆ. ಮೂರು ತಿಂಗಳಲ್ಲಿ ನಾನು "ನೋವಿದೆಯಾ", "ಹಸಿವಾಯಿತಾ" ಎಂದು ಸಾವಿರ ಸಲ ಕೇಳಿದ್ದೇನೆ. "ನಾನು ಏನು ಮಾಡಬಾರದು" ಎಂದು ಒಮ್ಮೆಯೂ ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಹುಡುಗ ಎಂದಿನಂತೆ ಬಂದು, ಕಂಕುಳಿಗೆ ಕೈಯೊಡ್ಡಿ ಬಾಗಿದ. ಮಾವ ಅಂಗೈ ಎತ್ತಿ ತಡೆದರು. ಪಟ್ಟಿಗೆ ಕೈ ಚಾಚಿದರು. ಅವನು ನನ್ನತ್ತ ನೋಡಿದ; ಹತ್ತಿರವೇ ಇರು, ಮುಟ್ಟಬೇಡ ಎಂದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅವರ ಸೊಂಟದ ಹಿಂದೆ ಗಾಳಿಯಲ್ಲೇ ಹಿಡಿದು ನಿಂತ. "ಒಂದು" ಎಂದು ಎಣಿಸತೊಡಗಿದವರು ಈ ಸಲ ಮಾವ. ಎರಡಕ್ಕೂ ಮೂರಕ್ಕೂ ನಡುವೆ ಬಹಳ ಹೊತ್ತಾಯಿತು. ನನ್ನ ಕೈಯಲ್ಲಿದ್ದ ಅವರ ಕಾಫಿ ಆರಿಹೋಯಿತು.