ರೀಫ್ ಟ್ಯಾಂಕ್: ಮೊದಲು ಇಳಿಯುವುದು ಆಲ್ಕಲಿನಿಟಿ

ರೀಫ್ ಟ್ಯಾಂಕಿಗೆ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂಗೆ, ಐದಾರು ಟೆಸ್ಟ್ ಕಿಟ್ ಕೊಂಡು ತಿಂಗಳಿಗೊಮ್ಮೆ ಎಲ್ಲವನ್ನೂ ಅಳೆಯುವುದಕ್ಕಿಂತ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಬಹುಪಾಲು ಬೈಕಾರ್ಬೊನೇಟ್) ಒಂದನ್ನೇ ವಾರಕ್ಕೆ ಎರಡು ಸಲ ಅಳೆಯುವುದು ಮೇಲು. ಹವಳ ತನ್ನ ಸುಣ್ಣದ ಗೂಡು ಕಟ್ಟುವಾಗ 2.8 ಡಿಕೆಎಚ್ (ಆಲ್ಕಲಿನಿಟಿಯ ಅಳತೆಮಾನ) ಆಲ್ಕಲಿನಿಟಿಗೆ 20 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಕ್ಯಾಲ್ಸಿಯಂ ಎಂಬ ಲೆಕ್ಕದಲ್ಲಿ ಎರಡನ್ನೂ ಎಳೆದುಕೊಳ್ಳುತ್ತದೆ. ನೀರಿನಲ್ಲಿ ಆಲ್ಕಲಿನಿಟಿ ಇರುವುದೇ 8ರ ಆಸುಪಾಸು, ಕ್ಯಾಲ್ಸಿಯಂ 420. ಹಾಗಾಗಿ ಆಲ್ಕಲಿನಿಟಿಯಲ್ಲಿ ಮೂರನೇ ಒಂದು ಪಾಲು ಖಾಲಿಯಾದರೂ ಕ್ಯಾಲ್ಸಿಯಂ ಶೇ 5ರಷ್ಟೂ ಇಳಿದಿರುವುದಿಲ್ಲ. ಕ್ಯಾಲ್ಸಿಯಂ ಕಿಟ್ ನೋಡಿ "ಎಲ್ಲ ಸರಿ ಇದೆ" ಅಂದುಕೊಂಡವರ ಅಕ್ರೊಪೊರಾ (ಕವಲೊಡೆಯುವ ಗಟ್ಟಿ ಹವಳ) ಬುಡದಿಂದ ಬೆಳ್ಳಗಾಗುತ್ತಾ ಬರುವುದು ಹೀಗೆಯೇ.

ಆದರೆ ಅದಕ್ಕೂ ಮೊದಲು ಉಪ್ಪಿನಂಶ ಸರಿಯಿರಬೇಕು. ಬೇಕಾದದ್ದು 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು), ಅಂದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ ಸುಮಾರು 1.026. ಅದು 32ಕ್ಕೆ ಇಳಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಆಲ್ಕಲಿನಿಟಿ ಮೂರೂ ಶೇ 9ರಷ್ಟು ಕಡಿಮೆ ಬರುತ್ತವೆ. ಆಗ ಬೇಕಿರುವುದು ಉಪ್ಪು, ಜನ ಸುರಿಯುವುದು ಕ್ಯಾಲ್ಸಿಯಂ ಕ್ಲೋರೈಡ್. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಸಿಹಿನೀರಿನಲ್ಲಿ ಸೊನ್ನೆಗೆ ಕೂಡಿಸಿದರೆ ಸಾಲದು. ಸೊನ್ನೆಯಲ್ಲಿ ಸರಿ ತೋರಿಸುವ ಉಪಕರಣ 35ರಲ್ಲಿ ಎರಡು ಮೂರು ಅಂಕ ತಪ್ಪಬಹುದು. ಕೊಂಡ 35 ಪಿಪಿಟಿ ದ್ರಾವಣ ಇಲ್ಲದಿದ್ದರೆ 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಒಣ ಅಡುಗೆ ಉಪ್ಪು (ಟ್ಯಾಂಕಿಗೆ ಹಾಕುವ ಸಮುದ್ರದ ಉಪ್ಪಲ್ಲ) ಕರಗಿಸಿ. ರಿಫ್ರ್ಯಾಕ್ಟೋಮೀಟರಿನ ಕಣ್ಣಿಗೆ ಅದು 35 ಪಿಪಿಟಿ ಸಮುದ್ರದ ನೀರಿನಂತೆಯೇ ಕಾಣುತ್ತದೆ. ವಾಹಕತೆ ಅಳೆಯುವ ಮೀಟರಿಗೆ ಈ ದ್ರಾವಣ ನಡೆಯುವುದಿಲ್ಲ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನವೂ ಸೇರಿಸುವ ನೀರು ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 0 ಇರಬೇಕು. ಅಡುಗೆಮನೆಯ ಆರ್‌ಒ ಯಂತ್ರ ಇದಕ್ಕೆ ಒದಗುವುದಿಲ್ಲ: ಕುಡಿಯಲು ರುಚಿ ಬರಲೆಂದು ಎಷ್ಟೋ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಸ್ವಲ್ಪ ಹಸಿ ನೀರನ್ನೇ ಬೆರೆಸುತ್ತದೆ, ಇಲ್ಲವೇ ಕೊನೆಯ ಕಾರ್ಟ್ರಿಜ್ ಖನಿಜ ಸೇರಿಸುತ್ತದೆ. 200 ಲೀಟರ್ ಟ್ಯಾಂಕಿನಿಂದ ದಿನಕ್ಕೆ 3 ಲೀಟರ್ ಆವಿಯಾಗಿ, ಅದಕ್ಕೆ 100 ಟಿಡಿಎಸ್ ನೀರು ಹಾಕುತ್ತಾ ಹೋದರೆ ತಿಂಗಳಿಗೆ 9 ಗ್ರಾಂ ಹೆಸರು ಗೊತ್ತಿಲ್ಲದ ಲವಣ ಟ್ಯಾಂಕಿಗೆ ಸೇರುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ತಂಪಿಗೆಂದು ನೀರಿನ ಮೇಲೆ ಫ್ಯಾನ್ ಬಿಟ್ಟರೆ ಇದು ಇನ್ನೂ ಹೆಚ್ಚು. ಗಡಸು ಬೋರ್‌ವೆಲ್ ನೀರಾದರೆ ಮೆಂಬ್ರೇನ್ ದಾಟಿದ ಮೇಲೂ 40-50 ಟಿಡಿಎಸ್ ಉಳಿಯುತ್ತದೆ. ಮುಂದೆ ಉಳಿದ ಲವಣ ಹೀರುವ ಡಿಐ ರೆಸಿನ್ ಇರಲೇಬೇಕು, ಅದು ಬೇಗ ಸವೆಯುತ್ತದೆ ಎಂಬುದೂ ನೆನಪಿರಲಿ. ಮೀಟರ್ 1 ತೋರಿಸಿದ ದಿನವೇ ರೆಸಿನ್ ಬದಲಿಸಿ.

ಈಗ ಅಳತೆ. ಪ್ರತಿ ಸಲ ಅದೇ ಹೊತ್ತಿಗೆ, ಡೋಸ್ (ಕಡಿಮೆಯಾದದ್ದನ್ನು ತುಂಬಲು ಹಾಕುವ ದ್ರಾವಣ) ಆಗಿ ಒಂದು ಗಂಟೆಯಾದರೂ ಕಳೆದ ಮೇಲೆ ನೀರು ತೆಗೆಯಿರಿ. ಬಾಟಲಿಯನ್ನು ಟ್ಯಾಂಕಿನ ನೀರಿನಲ್ಲೇ ಎರಡು ಸಲ ಅಲುಬಿ. ಸಿರಿಂಜಿನಲ್ಲಿ ನೀರು ಎಳೆದಾಗ ಗುಳ್ಳೆ ಉಳಿದರೆ ಅಷ್ಟು ನೀರು ಕಡಿಮೆ ಎಂದೇ ಅರ್ಥ. ಕಿಟ್ಟಿನ ಪರೀಕ್ಷಾ ದ್ರವವನ್ನು (ರೀಏಜೆಂಟ್) ಹನಿ ಹನಿಯಾಗಿ ಹಾಕಿ, ಪ್ರತಿ ಹನಿಗೂ ಕುಲುಕಿ, ಬಣ್ಣ ತಿರುಗಿ ಹಾಗೇ ನಿಂತಾಗ ನಿಲ್ಲಿಸಿ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ರಾತ್ರಿ ಟ್ಯಾಂಕಿನ ನೀಲಿ ಎಲ್‌ಇಡಿಯಲ್ಲಿ ನೋಡಿದರೆ ಎರಡು ಉತ್ತರ ಬರುತ್ತವೆ. ಹ್ಯಾನಾ ಚೆಕ್ಕರ್ (ಬಣ್ಣ ಅಳೆದು ಅಂಕಿ ತೋರಿಸುವ ಪುಟ್ಟ ಮೀಟರ್) ಬಳಸುವವರು ಗಾಜಿನ ಮೇಲಿನ ಬೆರಳಚ್ಚು ಒರೆಸಿ, ಗುಳ್ಳೆ ಬಿಟ್ಟುಹೋಗುವ ತನಕ ಕಾಯಿರಿ. ಅದೇ ಕಂಪನಿಯ ಕ್ಯಾಲ್ಸಿಯಂ ಚೆಕ್ಕರಿಗೆ ಬೇಕಾದ ಮಾದರಿ ನೀರು ಬರೀ 0.1 ಮಿಲಿ. ಕೈ ಚೂರು ತಪ್ಪಿದರೂ 40 ಪಿಪಿಎಂ ಆಚೀಚೆ. ಕ್ಯಾಲ್ಸಿಯಂಗೆ ಹನಿ ಕಿಟ್ಟೇ ವಾಸಿ.

ಕಿಟ್ಟನ್ನೂ ಪರೀಕ್ಷಿಸಬಹುದು. 24 ಗ್ರಾಂ ಅಡುಗೆ ಸೋಡವನ್ನು ಶುದ್ಧ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿ, ಅದರಲ್ಲಿ 10 ಮಿಲಿ ತೆಗೆದು ಮತ್ತೆ ನೀರು ಬೆರೆಸಿ 1 ಲೀಟರಿಗೆ ತನ್ನಿ. ಇದು 8 ಡಿಕೆಎಚ್. ನಿಮ್ಮ ಕಿಟ್ 8.6 ಹೇಳಿದರೆ ಇನ್ನು ಮುಂದೆ 0.6 ಕಳೆದು ಓದಿ. (ಬೇಕಿಂಗ್ ಪೌಡರ್ ಅಲ್ಲ. ಅದರಲ್ಲಿ ಆಮ್ಲದ ಪುಡಿ, ಪಿಷ್ಟ ಎಲ್ಲ ಇರುತ್ತದೆ.)

ಬಳಕೆ ಎಷ್ಟೆಂದು ತಿಳಿಯಲು ಮೂರು ದಿನ ಏನೂ ಹಾಕಬೇಡಿ. ಸೋಮವಾರ ರಾತ್ರಿ 8.4 ಇದ್ದದ್ದು ಗುರುವಾರ ರಾತ್ರಿ 7.2 ಆಗಿದ್ದರೆ ದಿನಕ್ಕೆ 0.4. ಕಲ್ಲು, ಮರಳು ಕಳೆದು ನಿಜವಾದ ನೀರು 200 ಲೀಟರ್ ಅನ್ನಿ. 100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು 3 ಗ್ರಾಂ ಸೋಡ ಬೇಕು, ಆದ್ದರಿಂದ ದಿನಕ್ಕೆ 2.4 ಗ್ರಾಂ. ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2.1 ಗ್ರಾಂ. ಒಂದು ಕ್ಯಾನಿನಲ್ಲಿ ಲೀಟರಿಗೆ 60 ಗ್ರಾಂ ಸೋಡ, ಇನ್ನೊಂದರಲ್ಲಿ ಲೀಟರಿಗೆ 52.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಮಾಡಿಟ್ಟರೆ ಎರಡರಿಂದಲೂ ದಿನಕ್ಕೆ 40 ಮಿಲಿ. ಹವಳ ಬೆಳೆದಂತೆ ಎರಡನ್ನೂ ಸಮನಾಗಿ ಏರಿಸುತ್ತಾ ಹೋಗಬಹುದು. ಒಂದೇ ಸಲ ಸುರಿಯದೆ ಡೋಸಿಂಗ್ ಪಂಪಿನಲ್ಲಿ ಎಂಟು ಹತ್ತು ಕಂತು ಮಾಡಿ. ಎರಡು ಕೊಳವೆಗಳೂ ಸಂಪಿನಲ್ಲಿ (ಅಂಗಳದ ಸಂಪಲ್ಲ, ಟ್ಯಾಂಕಿನ ಕೆಳಗಿನದು) ನೀರು ಜೋರಾಗಿ ಹರಿಯುವ ಕಡೆ, ದೂರ ದೂರ ಇರಲಿ. ಎರಡರ ನಡುವೆ ಅರ್ಧ ಗಂಟೆ ಬಿಡುವಿರಲಿ. ಇಲ್ಲದಿದ್ದರೆ ಬಿದ್ದ ಜಾಗದಲ್ಲೇ ಎರಡೂ ಕೂಡಿ ಸುಣ್ಣವಾಗಿ ಗಟ್ಟಿಯಾಗುತ್ತವೆ.

ಕಿಟಕಿ ಮುಚ್ಚಿ ಎಸಿ ಹಾಕುವ ಕೋಣೆಯಲ್ಲಿ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ 7.8ಕ್ಕೆ ಇಳಿಯುವುದುಂಟು. ಅದಕ್ಕೆ "ಪಿಎಚ್ ಬಫರ್" ಸುರಿಯಬೇಡಿ, ಕಿಟಕಿ ತೆಗೆಯಿರಿ. ಇಲ್ಲವೇ ಅದೇ 60 ಗ್ರಾಂ ಸೋಡವನ್ನು ಓವನ್ನಿನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಡಿ. ತೂಕ 38 ಗ್ರಾಮಿಗೆ ಇಳಿದರೆ ಪೂರ್ತಿ ಕಾರ್ಬೊನೇಟ್ ಆಗಿದೆ ಎಂದರ್ಥ. ಅಷ್ಟನ್ನೂ ಲೀಟರಿಗೆ ಕರಗಿಸಿದರೆ ಆಲ್ಕಲಿನಿಟಿ ಮೊದಲಿನಷ್ಟೇ, ಪಿಎಚ್ ಮಾತ್ರ ಮೇಲೇರುತ್ತದೆ. ಸುಣ್ಣದ ತಿಳಿನೀರೂ ಒಳ್ಳೆಯದೇ, ಆದರೆ ಅದರ ಪಿಎಚ್ 12ರ ಮೇಲಿರುವುದರಿಂದ ತೊಟ್ಟಿಕ್ಕಿಸಿಯೇ ಹಾಕಬೇಕು. ಎಲೆ ಅಡಿಕೆ ಡಬ್ಬಿಯ ಸುಣ್ಣ ಬೇಡ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ.

ಮೆಗ್ನೀಸಿಯಂ ತಿಂಗಳಿಗೊಮ್ಮೆ ನೋಡಿದರೆ ಸಾಕು, 1250ರಿಂದ 1350 ಪಿಪಿಎಂ. ಅದು ತೀರಾ ಕಡಿಮೆಯಾದರೆ ಎಷ್ಟು ಸೋಡ ಹಾಕಿದರೂ ಆಲ್ಕಲಿನಿಟಿ ನಿಲ್ಲುವುದಿಲ್ಲ. ಹೀಟರಿನ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ, ಪಂಪು ಬಿಗಿಯುತ್ತದೆ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಸೊನ್ನೆಗೆ ಇಳಿಸುವ ಹಟ ಬೇಡ: ಎರಡೂ ಸೊನ್ನೆಯಾದಾಗ ಹವಳ ಪೇಲವವಾಗುತ್ತದೆ, ಮರಳಿನ ಮೇಲೆ ಕಂದು ಲೋಳೆಯಾಗಿ ಡೈನೋಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿ ಹಬ್ಬುತ್ತದೆ. ಪೋಷಕಾಂಶ ಕಡಿಮೆ ಇರುವ ಟ್ಯಾಂಕಿನಲ್ಲಿ ಆಲ್ಕಲಿನಿಟಿಯನ್ನು 10ಕ್ಕೆ ಏರಿಸಿದರೆ ಅಕ್ರೊಪೊರಾದ ತುದಿಗಳು ಸುಡುತ್ತವೆ, ಅಲ್ಲಿ 7.5ರಿಂದ 8.5 ಒಳಗೇ ಇರಿ.

ಡೋಸಿಂಗ್ ಪಂಪ್ ಕೆಟ್ಟು ಆಲ್ಕಲಿನಿಟಿ 12 ದಾಟಿತೋ, ಆಮ್ಲ ಹಾಕಲು ಹೋಗಬೇಡಿ. ಡೋಸ್ ನಿಲ್ಲಿಸಿ, ಸ್ಕಿಮ್ಮರ್ (ನೊರೆಯೊಂದಿಗೆ ಕೊಳೆ ತೆಗೆಯುವ ಉಪಕರಣ) ಓಡಿಸಿ, ಇನ್ನೊಮ್ಮೆ ಅಳೆಯಿರಿ. ನೀರು ಹಾಲಿನಂತಾಗಿದ್ದರೆ ಸುಣ್ಣ ಆಗಲೇ ಒಡೆದು ಬಿದ್ದಿದೆ, ತಿಳಿಯಾಗುವ ಹೊತ್ತಿಗೆ ಆಲ್ಕಲಿನಿಟಿ ತಾನಾಗಿ ಇಳಿದಿರುತ್ತದೆ. ಇಳಿದದ್ದನ್ನು ಮತ್ತೆ ಏರಿಸುವಾಗ ದಿನಕ್ಕೆ ಅರ್ಧ ಡಿಕೆಎಚ್ ದಾಟಬೇಡಿ. ಸುಣ್ಣ ಕಟ್ಟಿದ ಪಂಪುಗಳನ್ನು ಬಿಚ್ಚಿ, ಅರ್ಧ ವಿನಿಗರ್ ಅರ್ಧ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬ್ರಶ್ಶಿನಲ್ಲಿ ಉಜ್ಜಿ ತೊಳೆದು ಮರಳಿ ಹಾಕಿ.