ಆ ನಾಲ್ಕು ಜನ ಯಾರು?

ನವೆಂಬರ್ 1 ನಮಗೆ ರಾಜ್ಯೋತ್ಸವ. ಅಮೆರಿಕದಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳಿರುವ ಮನೆಗೆ ಅದು ಕಾಲೇಜು ಅರ್ಜಿಯ ಮೊದಲ ಗಡುವೂ ಹೌದು. ಹಾಗಾಗಿ ಈ ವಾರ ನಮ್ಮ ನ್ಯೂಜೆರ್ಸಿಯ ಕನ್ನಡ ಬಳಗದ ಸಮಾರಂಭದಲ್ಲಿ ಭುವನೇಶ್ವರಿಯ ಪಟದ ಮುಂದೆ ನಿಂತವರೂ ಊಟದ ಸಾಲಿನಲ್ಲಿ ನಿಂತವರೂ ಮಾತಾಡಿಕೊಂಡದ್ದು ಒಂದೇ: ಯಾರ ಮಗು ಎಲ್ಲಿಗೆ ಹಾಕಿದೆ, ಚಾನ್ಸ್ ಎಷ್ಟಿದೆ.

ಪರಿಚಯದ ಡಾಕ್ಟರೊಬ್ಬರು ನನ್ನ ಮಗಳನ್ನು ಹಿಡಿದದ್ದು ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ. ಅವಳು ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿಗೆ ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಸುತ್ತಿನಲ್ಲಿ, ಅರ್ಜಿ ಹಾಕುತ್ತಿದ್ದಾಳೆಂದು ಯಾರೋ ಅವರ ಕಿವಿಗೆ ಹಾಕಿದ್ದರು. (ಯಾರೋ ಏನು, ನನ್ನ ಗಂಡನೇ.) “ಅಲ್ಲಿ ಎಂಜಿನಿಯರಿಂಗ್ ಇಲ್ಲವಲ್ಲ” ಎಂದು ಮೊದಲು ಬೇಸರಪಟ್ಟರು. ಆಮೇಲೆ ತಟ್ಟೆಯನ್ನು ಎಡಗೈಗೆ ದಾಟಿಸಿ, ಮೊಬೈಲ್ ತೆಗೆದು ತೀರ್ಪು ಕೊಟ್ಟರು: “ಒಟ್ಟಾರೆ ನೂರಕ್ಕೆ ಹತ್ತು ಜನಕ್ಕೂ ಸಿಗುವುದಿಲ್ಲ. ಅರ್ಲಿಯಲ್ಲಿ ಹಾಕಿದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಸಿಗುತ್ತದೆ. ಕಣ್ಣು ಮುಚ್ಚಿಕೊಂಡು ಹಾಕಮ್ಮ.”

ಮಗಳು ಹಪ್ಪಳ ಮುರಿಯುತ್ತಾ ಕೇಳಿದಳು: “ಆ ನಾಲ್ಕು ಜನ ಯಾರು, ಅಂಕಲ್?”

ಡಾಕ್ಟರು ನಕ್ಕು ಮೊಸರನ್ನದ ಕಡೆ ಸರಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ. ಅವರ ಅಂಕಿಯೂ ಸುಳ್ಳಲ್ಲ. ಆದರೆ ಮಗಳ ಪ್ರಶ್ನೆಯನ್ನು ಅವರು ತಮಾಷೆ ಎಂದುಕೊಂಡರು. ನನಗೆ ಅದು ಪಾತ್ರೆ ತೊಳೆಯುವಾಗಲೂ ಕೇಳಿಸುತ್ತಿದೆ.

ಯಾರು ಆ ನಾಲ್ಕು ಜನ? ವಿಲಿಯಮ್ಸ್‌ನಲ್ಲಿ ವರ್ಷಕ್ಕೆ ಸೇರುವವರು ಸುಮಾರು 550 ಮಂದಿ. ಅದರಲ್ಲಿ ಹತ್ತಿರಹತ್ತಿರ ಅರ್ಧ ತುಂಬುವುದು ಈ ಅರ್ಲಿ ಸುತ್ತಿನಲ್ಲೇ. ಊರು ಚಿಕ್ಕದು, ಕಾಲೇಜೂ ಚಿಕ್ಕದು, ಆದರೆ ಕ್ರೀಡಾ ತಂಡಗಳು ಮೂವತ್ತರ ಆಸುಪಾಸು. ಇಂಥ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆದರೆ ಕೋಚ್ ತನಗೆ ಬೇಕಾದ ಹುಡುಗನ ಅಂಕಪಟ್ಟಿಯನ್ನು ಬೇಸಿಗೆಯಲ್ಲೇ ಪ್ರವೇಶ ವಿಭಾಗಕ್ಕೆ ತೋರಿಸಿ, ಅಲ್ಲಿಂದ ಸೂಚನೆ ಪಡೆದು, “ಅರ್ಲಿಯಲ್ಲಿ ಹಾಕು” ಎನ್ನಬಹುದು. ಆ ಹುಡುಗನ ಚಾನ್ಸ್ ನಾಲ್ಕರಲ್ಲಿ ಒಂದಲ್ಲ, ಬಹುಪಾಲು ನಿರ್ಧಾರವಾದದ್ದೇ. ಇನ್ನೊಬ್ಬಳ ಅಪ್ಪ ಅಲ್ಲೇ ಓದಿದವರಿರಬಹುದು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆ ಆದ್ಯತೆಯನ್ನು ಅದೇ ರಾಜ್ಯದ ಆಮ್‌ಹರ್ಸ್ಟ್ ಕಾಲೇಜು 2021ರಲ್ಲಿ ಕೈಬಿಟ್ಟಿತು, ಎಲ್ಲರೂ ಬಿಟ್ಟಿಲ್ಲ. ಇವರನ್ನೆಲ್ಲ ಪಕ್ಕಕ್ಕಿಟ್ಟರೆ ನನ್ನ ಮಗಳಂಥವರು ಉಳಿಯುತ್ತಾರೆ: ಯಾವ ಆಟವೂ ಬಾರದ, ಕಿಟಕಿಯ ದಂಡೆಯ ಮೇಲೆ ಕಲ್ಲುಗಳನ್ನು ಸಾಲಾಗಿ ಜೋಡಿಸಿ ಪ್ರತಿಯೊಂದರ ಕೆಳಗೂ ಸಿಕ್ಕ ಜಾಗ, ದಿನಾಂಕ ಬರೆದ ಚೀಟಿ ಇಡುವ ಹುಡುಗಿಯರು. ಇವರಿಗೆ ಎಷ್ಟರಲ್ಲಿ ಒಂದು? ಅದನ್ನು ಯಾವ ಕಾಲೇಜೂ ಬಿಡಿಸಿ ಹೇಳುವುದಿಲ್ಲ.

ಅಂಕಿ ಕೇಳುವ ಚಟ ನಮ್ಮದು, ಮಕ್ಕಳದಲ್ಲ. ಸಿಇಟಿ 1994ರಲ್ಲಿ ಬಂತು, ನಾನು ಅದರ ಆರಂಭದ ವರ್ಷಗಳಲ್ಲಿ ಬರೆದವಳು. ರ್‍ಯಾಂಕ್ ಬಂದ ಮೇಲೆ, ಹೋದ ವರ್ಷ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಗಿತ್ತು ಎಂದು ವಿಚಾರಿಸಿ ನನ್ನಪ್ಪ ಪಂಚಾಂಗ ನೋಡಿ ಹೇಳಿದ ಹಾಗೆ ಹೇಳಿದ್ದರು, ಇಂಥ ಕಾಲೇಜು, ಇಂಥ ಬ್ರಾಂಚು. ಹಾಗೇ ಆಯಿತು. ಇಲ್ಲಿ ಬೋಡನ್ ಎಂಬ ಕಾಲೇಜು 1969ರಲ್ಲೇ ಪ್ರವೇಶ ಪರೀಕ್ಷೆಯ ಅಂಕ ಕಳಿಸುವುದು ಕಡ್ಡಾಯವಲ್ಲ ಎಂದಿದೆ. ಅಂಥ ದೇಶದಲ್ಲಿ ಕೂತು ನಾವು ಇನ್ನೂ ಕೊನೆಯ ರ್‍ಯಾಂಕ್ ಹುಡುಕುತ್ತೇವೆ. ಸಿಗದಿದ್ದಾಗ ಯಾರೋ ಕೊಟ್ಟ ಪರ್ಸೆಂಟನ್ನು ಮಗುವಿನ ಹಣೆಗೆ ಅಂಟಿಸುತ್ತೇವೆ.

ಡಾಕ್ಟರ ಮಾತಿನಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದು ‘ನಾಲ್ಕರಲ್ಲಿ ಒಬ್ಬರು’ ಅಲ್ಲ, ‘ಕಣ್ಣು ಮುಚ್ಚಿಕೊಂಡು’. ಈ ಅರ್ಜಿಯ ಜೊತೆ ಒಂದು ಒಪ್ಪಂದವಿದೆ. ಮಗು, ಹೆತ್ತವರು, ಶಾಲೆಯ ಕೌನ್ಸಿಲರ್ ಮೂವರೂ ಸಹಿ ಹಾಕಬೇಕು: ಸೀಟು ಕೊಟ್ಟರೆ ಬರುತ್ತೇವೆ, ಬೇರೆ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳುತ್ತೇವೆ. ವರ್ಷದ ಪೂರ್ಣ ಖರ್ಚು 90,000 ಡಾಲರಿನ ಆಸುಪಾಸು. ಎರಡು ಕಾಲೇಜುಗಳು ಕೊಡುವ ಹಣದ ನೆರವನ್ನು ಎದುರುಬದುರು ಇಟ್ಟು ತೂಗಿ ನೋಡುವ ಅವಕಾಶವಿಲ್ಲ. ಬಿಡಿಸಿಕೊಳ್ಳಲು ಇರುವ ದಾರಿ, ಕೊಟ್ಟ ನೆರವು ಸಾಲದು ಎನ್ನುವುದೊಂದೇ. ವಿಲಿಯಮ್ಸ್ 2022ರಿಂದ ತನ್ನ ನೆರವಿನಲ್ಲಿ ಸಾಲವನ್ನು ಸೇರಿಸುತ್ತಿಲ್ಲ, ಕೊಡುವುದೆಲ್ಲ ಅನುದಾನ, ಅಷ್ಟು ಸಮಾಧಾನ. ಆದರೂ ನಾವು ಎಷ್ಟು ತೆರಬಲ್ಲೆವು ಎಂದು ತೀರ್ಮಾನಿಸುವವರು ಅವರೇ. ಡಾಕ್ಟರ ಮಗನೂ ಅರ್ಲಿಯಲ್ಲೇ ಸೇರಿದವನು. ಅವರ ಮನೆಯಲ್ಲಿ ಆಗ ಯಾರೂ ತೆರಿಗೆ ಕಾಗದ ಹರವಿಕೊಂಡು ಕೂತಿರಲಿಕ್ಕಿಲ್ಲ. ಚಾನ್ಸನ್ನು ಬರೀ ಚಾನ್ಸ್ ಎಂದು ನೋಡಲು ಬ್ಯಾಂಕಿನಲ್ಲಿ ಒಂದಿಷ್ಟು ಇರಬೇಕು.

ಮೈಸೂರಿನ ಅಣ್ಣನ ಮಗನಾಗಿದ್ದರೆ ಲೆಕ್ಕ ಇನ್ನೂ ಬಿಗಿ. ಹಣದ ಅಗತ್ಯವನ್ನು ಲೆಕ್ಕಿಸದೆ ಹೊರದೇಶದವರ ಅರ್ಜಿ ಓದುವ ಕಾಲೇಜುಗಳು ಬೆರಳೆಣಿಕೆಯಷ್ಟು. ಆಮ್‌ಹರ್ಸ್ಟ್, ಬೋಡನ್ ಅಂಥವು.

ಸಮಾರಂಭದ ಮರುದಿನ ರಾತ್ರಿ ಕಾಲೇಜಿನ ಜಾಲತಾಣದ ಲೆಕ್ಕಪೆಟ್ಟಿಗೆಯಲ್ಲಿ ನಮ್ಮ ಸಂಬಳ, ಉಳಿತಾಯ, ಮನೆ ಸಾಲ ತುಂಬಿದೆವು. ಬಂದ ಮೊತ್ತ ನೋಡಿ ಗಂಡ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಕಷ್ಟ, ಅಸಾಧ್ಯವಲ್ಲ. ಆಗ ಮಗಳನ್ನು ಕೇಳಿದೆ, “ಅಲ್ಲಿಗೇ ಯಾಕೆ?” ಇಷ್ಟು ದಿನ ಎಲ್ಲರೂ ಸಿಗುತ್ತದೆಯೇ ಎಂದೇ ಕೇಳಿದ್ದೆವು. ಅವಳು ಅಲ್ಲಿನ ಟ್ಯುಟೋರಿಯಲ್ ಪದ್ಧತಿಯ ಬಗ್ಗೆ ಹೇಳಿದಳು: ಒಬ್ಬ ಅಧ್ಯಾಪಕರು, ಇಬ್ಬರೇ ವಿದ್ಯಾರ್ಥಿಗಳು. ಒಂದು ವಾರ ಒಬ್ಬರು ಬರೆದು ತರಬೇಕು, ಇನ್ನೊಬ್ಬರು ಅದರ ತಪ್ಪು ಹುಡುಕಬೇಕು, ಮುಂದಿನ ವಾರ ಅದಲುಬದಲು. “ಅಲ್ಲಿ ಯಾರಾದರೂ ನನ್ನ ಜೊತೆ ಸರಿಯಾಗಿ ಜಗಳ ಆಡುತ್ತಾರಮ್ಮ” ಎಂದಳು. ಡಾಕ್ಟರನ್ನು ಕೇಳಿದಂತೆಯೇ ಕೇಳುವ ಹುಡುಗಿಗೆ ಅದು ತಕ್ಕ ಜಾಗವೇ ಅನ್ನಿಸಿತು. ಸಹಿ ಹಾಕಿದೆ.

ವಿಲಿಯಮ್ಸ್‌ನ ಗಡುವು ನವೆಂಬರ್ 15. ಉತ್ತರ ಡಿಸೆಂಬರ್ ಮಧ್ಯದಲ್ಲಿ. ಆಗದಿದ್ದರೆ ಉಳಿದವುಗಳಿಗೆ ಜನವರಿ ಮೊದಲ ವಾರದೊಳಗೆ ಕಳಿಸಬೇಕು, ಅವುಗಳ ಪ್ರಬಂಧಗಳನ್ನು ಈಗಲೇ ಬರೆಯುತ್ತಿದ್ದಾಳೆ. ರಟ್ಗರ್ಸ್‌ಗೆ ಅರ್ಜಿ ಆಗಲೇ ಹೋಗಿದೆ. ಅದು ನಮ್ಮ ರಾಜ್ಯದ್ದು, ಶುಲ್ಕ ಎಷ್ಟೋ ಕಡಿಮೆ, ಭೂವಿಜ್ಞಾನ ವಿಭಾಗವೂ ಇದೆ. ಅಲ್ಲಿಗೆ ಹೋಗಬೇಕಾದರೂ ಅವಳಿಗೆ ಬೇಸರವಿಲ್ಲವಂತೆ. ನನಗಂತೂ ಇಲ್ಲವೇ ಇಲ್ಲ; ಕಾರಿನಲ್ಲಿ ಅರ್ಧ ಗಂಟೆ, ವಾರಕ್ಕೊಮ್ಮೆ ಸಾರು ತಲುಪಿಸಬಹುದು.