ಕಾರ್ ಶೋನಲ್ಲಿ ಫೋಟೊ: ಕಾರಿಗಿಂತ ಮೊದಲು ಪ್ರತಿಬಿಂಬ ನೋಡಿ

ಪಾಲಿಶ್ ಮಾಡಿ ನಿಲ್ಲಿಸಿದ ಹಳೆಯ ಪದ್ಮಿನಿ ಕಾರಿನ ಬಾಗಿಲಲ್ಲಿ ಶಾಮಿಯಾನ, ಬ್ಯಾನರ್, ಪಕ್ಕದ ಕಾರು, ಫೋಟೊ ತೆಗೆಯುವವರ ಅಂಗಿ ಎಲ್ಲವೂ ಮೂಡಿರುತ್ತದೆ. ಶೋ ಫೋಟೊಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಕಪ್ಪು ಅಥವಾ ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ. ಕ್ಲಿಕ್ ಮಾಡುವ ಮುನ್ನ ಅರ್ಧ ಹೆಜ್ಜೆ ಆಚೀಚೆ ಸರಿದು, ಬಾನೆಟ್ ಮೇಲೆ ಏನು ಕಾಣುತ್ತಿದೆ ಎಂದು ನೋಡಿ.

ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್ ಕೊಳ್ಳಿ. ಅದನ್ನು ತಿರುಗಿಸುತ್ತಾ ಹೋದಂತೆ ಗಾಜು ಮತ್ತು ಪೇಂಟಿನ ಮೇಲಿನ ಹೊಳಪು ಇಳಿಯುತ್ತದೆ. ಕ್ರೋಮ್ ಬಂಪರ್ ಮೇಲೆ ಮಾತ್ರ ಅದರ ಆಟ ನಡೆಯುವುದಿಲ್ಲ, ಲೋಹದ ಪ್ರತಿಫಲನವೇ ಬೇರೆ. ಬಾಗಿಲಿಗೆ ನೇರ ಎದುರು ನಿಂತರೂ ಪ್ರಯೋಜನವಿಲ್ಲ. ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಾಗಿ ನೋಡಿದಾಗ ಅದರ ಕೆಲಸ ಚೆನ್ನಾಗಿ ಕಾಣುತ್ತದೆ. ಮಲಗಿದ ಬಾನೆಟ್ಟಿಗೆ ಸರಿಹೋದ ತಿರುವು ನಿಂತ ಬಾಗಿಲಿಗೆ ಸರಿಹೋಗದು. ಟ್ರೈಪಾಡ್ ಇದ್ದರೆ ಎರಡು ತಿರುವಿನಲ್ಲಿ ಎರಡು ಫೋಟೊ ತೆಗೆದು ಆಮೇಲೆ ಸೇರಿಸಿ. ಪ್ರತಿಬಿಂಬವನ್ನು ಪೂರಾ ಅಳಿಸಬೇಡಿ, ಬಾಡಿಯ ಗೆರೆ ತೋರಿಸುವುದೇ ಅದು. ಹಿಂಬದಿ ಗಾಜಿನಲ್ಲಿ ಚುಕ್ಕೆ ಚುಕ್ಕೆ ಕಂಡರೆ ಲೆನ್ಸಿನ ದೋಷವಲ್ಲ. ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನೊಳಗಿನ ಒತ್ತಡ ಫಿಲ್ಟರಿನಲ್ಲಿ ಹಾಗೆ ಕಾಣುತ್ತದೆ. ಈ ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ), ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿಕೊಳ್ಳಿ.

ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24–26 ಮಿಮೀ ಆಸುಪಾಸು, ಅಂದರೆ ಅಗಲ ನೋಟದ್ದು. ಹತ್ತಿರ ನಿಂತರೆ ಮುಂದಿನ ಚಕ್ರ ಉಬ್ಬಿ, ಹಿಂಭಾಗ ಕುಗ್ಗಿ, ಅಂಬಾಸಿಡರ್‌ನ ಆ ದುಂಡು ಮೈಕಟ್ಟೇ ಹಾಳಾಗುತ್ತದೆ. ಹಿಂದೆ ಸರಿದು 2x ಜೂಮ್ ಹಾಕಿ. ಕ್ಯಾಮೆರಾದಲ್ಲಾದರೆ 50ರಿಂದ 85 ಮಿಮೀ ಲೆನ್ಸ್. ಹೆಡ್‌ಲೈಟ್ ಎತ್ತರಕ್ಕೆ ಮಂಡಿಯೂರಿದರೆ ಕಾರಿಗೆ ಗತ್ತು ಬರುತ್ತದೆ.

ಬಿಳಿ ಕಾರನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಷರ್ (ಫೋಟೊಗೆ ಬೀಳುವ ಬೆಳಕು) +2/3ರಿಂದ +1 ಕೊಡಿ. ಕಪ್ಪು ಕಾರಿಗೆ ಅಷ್ಟೇ ಮೈನಸ್.

ಬೆಂಗಳೂರಿನಲ್ಲಿ ನಿಜವಾದ ತೊಂದರೆ ಮರದ ನೆರಳು. ಕಬ್ಬನ್ ಪಾರ್ಕ್ ಸುತ್ತಮುತ್ತಲಿನಂಥ ಜಾಗದಲ್ಲಿ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚೂರುಗಳು ಬಾನೆಟ್ಟನ್ನು ಕಲೆ ಬಿದ್ದಂತೆ ಮಾಡುತ್ತವೆ. ಯಾವ ಎಡಿಟಿಂಗ್‌ನಿಂದಲೂ ಅದು ಚೆನ್ನಾಗಿ ಸರಿಹೋಗುವುದಿಲ್ಲ. ಪೂರ್ತಿ ನೆರಳಲ್ಲಿ ಅಥವಾ ಪೂರ್ತಿ ಬಯಲಲ್ಲಿ ನಿಂತ ಕಾರನ್ನೇ ಆರಿಸಿ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಮಳೆಗಾಲದ ಮೋಡ ಕವಿದ ದಿನವಂತೂ ಇಂಥ ಫೋಟೊಗಳಿಗೆ ಹಬ್ಬ. ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಂಥ ಒಳಾಂಗಣದಲ್ಲಿ ಎಲ್‌ಇಡಿ ಪಟ್ಟೆಗಳು ಬಂದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ, ನಮ್ಮ ಕರೆಂಟು 50 ಹರ್ಟ್ಸ್.

ಜನ ಸರಿಯುವವರೆಗೆ ಕಾಯಲಾಗದಿದ್ದರೆ ಟ್ರೈಪಾಡ್ ಮೇಲಿಂದ 10–15 ಫೋಟೊ ತೆಗೆದು ಎಡಿಟಿಂಗ್ ಆ್ಯಪ್‌ನಲ್ಲಿ ಮೀಡಿಯನ್ ಮರ್ಜ್ ಮಾಡಿ (ಎಲ್ಲ ಫೋಟೊಗಳನ್ನು ಒಂದಾಗಿಸುವ ವಿಧಾನ), ಓಡಾಡುವವರು ಮಾಯವಾಗುತ್ತಾರೆ. ನಿಂತೇ ಇರುವವರು ಹೋಗುವುದಿಲ್ಲ.

ಧೂಳು ಕಂಡರೆ ನೀವು ಒರೆಸಬೇಡಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಪೇಂಟಿಗೆ ಗೀರು ಬೀಳುತ್ತದೆ. ಮಾಲೀಕರನ್ನು ಕೇಳಿ, ಮುಂದಿನ ಚಕ್ರ ಸ್ವಲ್ಪ ತಿರುಗಿಸಿ ರಿಮ್ ನಿಮ್ಮ ಕಡೆ ಕಾಣುವಂತೆ ಮಾಡಿಕೊಡಿ ಸಾರ್ ಎಂದೂ ಆಗಲೇ ಕೇಳಿಬಿಡಿ.